ಮೊದಲ ತುತ್ತು ತಿನ್ನುವ ಮೊರದಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಧಾನ್ಯ ಹಸನು ಮಾಡುವ ಶೆಡ್ಡಿನ ಮೂಲೆಯಲ್ಲಿ, ಸ್ಟೌ ಪಕ್ಕ ಕುಕ್ಕುರುಗಾಲಿನಲ್ಲಿ ಕೂತು ಒಬ್ಬ ಹೆಂಗಸು ತಿನ್ನುತ್ತಿದ್ದಾರೆ. ತಟ್ಟೆಯಲ್ಲಿರುವುದು ಉಪ್ಪು ಸಹ ಹಾಕದೆ ಬೇಯಿಸಿದ ಒಂದು ಹಿಡಿ ಹಾರಕ. ಎದುರಿಗೆ ನಿಂತ ಮಗಳು ತಟ್ಟೆ ನೋಡುತ್ತಿಲ್ಲ, ಅಮ್ಮನ ಕಣ್ಣುಗಳನ್ನೇ ನೋಡುತ್ತಿದ್ದಾಳೆ.

ಶೆಡ್ಡಿನಲ್ಲಿ ಎಲ್ಲರಿಗೂ ಅವರು ಮೊರದಮ್ಮ. ಕಾಳು ಕೇರುವುದು, ಕಲ್ಲು ಆರಿಸುವುದು ಅವರ ಕೆಲಸ. ದಿನಕ್ಕೆ ನಾಲ್ಕೈದು ಮೂಟೆ ಅವರ ಕೈ ದಾಟುತ್ತವೆ. ಅನುಮಾನ ಬಂದ ಮೂಟೆಯಿಂದ ಹಿಡಿ ಕಾಳು ಬೇಯಿಸಿ ತಾವೇ ಮೊದಲು ತಿನ್ನುವುದು ಮಾತ್ರ ಯಾರೂ ಒಪ್ಪಿಸಿದ ಕೆಲಸವಲ್ಲ.

ಸಕ್ಕರೆ ಕಾಯಿಲೆಯ ಭಯಕ್ಕೆ ಜನ ಹಾರಕದಂಥ ಹಳೆಯ ಸಿರಿಧಾನ್ಯಗಳತ್ತ ಹೊರಳಿದ್ದಾರೆ. ಹಾರಕ ಒಳ್ಳೆಯ ಆಹಾರವೇ. ಆದರೆ ಕೊಯ್ಲಿನ ಹೊತ್ತಿಗೋ ಆಮೇಲೋ ನೆನೆದರೆ ಅದರಲ್ಲಿ ಒಂದು ಬಗೆಯ ಬೂಷ್ಟು ಬೆಳೆದು ವಿಷವಾಗಬಹುದು. ತೊಳೆದರೆ ಹೋಗದು, ಬೇಯಿಸಿದರೂ ಹೋಗದು. ತಲೆಸುತ್ತು, ವಾಂತಿ, ಕೈನಡುಕ ಬರುತ್ತವೆ. ಅಜ್ಜಿಯರ ಊಟ ಮರಳಿ ಬಂದಿದೆ, ಅಜ್ಜಿಯರ ಅಂಜಿಕೆ ಜೊತೆಗೆ ಬಂದಿಲ್ಲ.

ಮೊರದಮ್ಮನಿಗೆ ಆ ಅಂಜಿಕೆ ಚಿಕ್ಕಂದಿನದು. "ನೆಂದ ಕಾಳನ್ನ ಒಣಗಿಸಿ ಬೇಯಿಸಿದ್ರು. ಉಂಡು ಎದ್ವಿ, ಗೋಡೆಗಳೆಲ್ಲ ಓಡಾಡೋಕೆ ಶುರುವಾಯ್ತು. ನಮ್ಮಣ್ಣ ತೂರಾಡ್ತಾ ಇದ್ದ. ಕುಡುಕನ ಥರ ಆಡ್ತಾನೆ ಅಂತ ನಾವೆಲ್ಲ ನಕ್ವಿ. ಅವನೂ ನಗ್ತಿದ್ದ. ಮಲಗಿದೋನು ಏಳಲೇ ಇಲ್ಲ."

ನಿನ್ನೆ ಬಂದ ಲೋಡಿನಲ್ಲಿ ಒಂದು ಮೂಟೆಯ ತಳದಲ್ಲಿ ತೇವದ ಕಲೆಯಿದೆ. ದಾರಿಯಲ್ಲಿ ಟಾರ್ಪಾಲು ಸರಿದಿತ್ತಂತೆ. ಮಾದರಿ ಪ್ರಯೋಗಾಲಯಕ್ಕೆ ಹೋಗಿದೆ, ರಿಪೋರ್ಟ್ ಬಂದಿಲ್ಲ. ಮೂಟೆಗಳು ಇವತ್ತೇ ಗಿರಣಿ ದಾಟಿ ಒಂದು ಆಸ್ಪತ್ರೆಯ ಅಡುಗೆಮನೆಗೆ ಹೋಗಬೇಕು.

"ಮುಟ್ಟಿ ನೋಡಿ, ಒಣಗೇ ಇದೆಯಲ್ಲಮ್ಮ," ಎನ್ನುತ್ತಾರೆ ಶೆಡ್ಡಿನ ಯಜಮಾನರು.

"ಹಾಗಾದ್ರೆ ನೀವೂ ಎರಡು ತುತ್ತು ತಗೊಳ್ಳಿ."

ಯಜಮಾನರು ಫೋನು ನೋಡಿಕೊಳ್ಳುತ್ತಾ ಗಿರಣಿಯ ಕಡೆಗೆ ನಡೆಯುತ್ತಾರೆ.

ತಿಂದು ಗಂಟೆಯಾದ ಮೇಲೆ ಮಗಳು ಅಮ್ಮನ ಕೈಗೆ ಸೂಜಿ, ದಾರ ಕೊಡುತ್ತಾಳೆ. ಇದು ತಾಯಿ ಮಗಳು ಮಾಡಿಕೊಂಡಿರುವ ಪರೀಕ್ಷೆ. ಕೈ ನಡುಗದೆ ದಾರ ಪೋಣಿಸಿದರೆ ಮೂಟೆ ಗಿರಣಿಗೆ. ಇವತ್ತು ದಾರ ತಪ್ಪುತ್ತದೆ. ತುದಿಯನ್ನು ಬಾಯಲ್ಲಿ ಒದ್ದೆ ಮಾಡಿಕೊಂಡು ಮತ್ತೆ ಹಿಡಿಯುತ್ತಾರೆ. ಮತ್ತೆ ತಪ್ಪುತ್ತದೆ.

"ಕಣ್ಣಾ ಅಮ್ಮ, ಕೈಯಾ?"

"ಗೊತ್ತಾಗ್ತಿಲ್ಲ ಕಣೇ."

ಮಡಿಲಲ್ಲಿಟ್ಟ ಬೆರಳುಗಳು ಸಣ್ಣಗೆ ಅದುರುತ್ತಿವೆ. ವಿಷವೋ, ವಯಸ್ಸೋ, ಬರಿಯ ಹೆದರಿಕೆಯೋ, ಹೇಳಬಲ್ಲವರು ಅಲ್ಲಿ ಯಾರೂ ಇಲ್ಲ. ಮಗಳು ಆಟೊ ತರಲು ಓಡುತ್ತಾಳೆ. ಮೊರದಮ್ಮ ಗೋಡೆ ಹಿಡಿದು ಎದ್ದು, ಲೋಡಿನ ಅಷ್ಟೂ ಮೂಟೆಗಳನ್ನು ಗಿರಣಿಗೆ ಹೋಗದಂತೆ ಹೊರಗೆ ಹಾಕಿಸಿದ ಮೇಲೆಯೇ ಆಟೊ ಹತ್ತುತ್ತಾರೆ.

ಕ್ಲಿನಿಕ್ಕಿನಲ್ಲಿ ಮಧ್ಯಾಹ್ನದ ಹೊತ್ತಿಗೆ ನಡುಕ ನಿಲ್ಲುತ್ತದೆ. ಯಾವುದರಿಂದ ಬಂತೆಂದು ಖಚಿತವಾಗಿ ಹೇಳಲಾಗದು ಎನ್ನುತ್ತಾರೆ ವೈದ್ಯೆ. ಇನ್ನೊಂದು ಮಾತನ್ನೂ ಸೇರಿಸುತ್ತಾರೆ: ಒಂದು ಹಿಡಿ ತಿಂದು ಏನೂ ಆಗದಿದ್ದರೆ ಇಡೀ ಮೂಟೆ ಶುದ್ಧ ಎಂದರ್ಥವಲ್ಲ. ಮೊರದಮ್ಮನ ಮುಖ ಕಪ್ಪಿಡುತ್ತದೆ. ಇಷ್ಟು ವರ್ಷ ತಾವು ತಿಂದು, ಸರಿಯಿದೆ ಎಂದು ಕಳಿಸಿದ ಮೂಟೆಗಳು ಯಾರ ಯಾರ ಮನೆ ಸೇರಿದವೋ.

"ನಾಳೆಯಿಂದ ನಾನು ತಿಂತೀನಿ, ನೀನು ನೋಡು," ಎನ್ನುತ್ತಾಳೆ ಮಗಳು. "ನನ್ನ ಕಣ್ಣು ಚೆನ್ನಾಗಿದೆ. ದಾರ ತಪ್ಪಿದ್ರೆ ಅದು ಕಾಳಿಂದ್ಲೇ ಅಂತ ಗೊತ್ತಾಗುತ್ತೆ."

ಮೊರದಮ್ಮ ತಟ್ಟನೆ ಎದ್ದು ಕೂತು ಮಗಳ ಮಣಿಕಟ್ಟು ಹಿಡಿಯುತ್ತಾರೆ. ಸುದ್ದಿ ಕೇಳಿ ಬಂದು ಬಾಗಿಲಲ್ಲಿ ನಿಂತ ಯಜಮಾನರನ್ನು ಹತ್ತಿರ ಕರೆಯುತ್ತಾರೆ.

"ರಿಪೋರ್ಟ್ ಬರೋ ತನಕ ಒಂದು ಮೂಟೆನೂ ಹೋಗಲ್ಲ ಅಂತ ಹೇಳಿ ಸ್ವಾಮಿ. ಆಗ ನಾನು ತಿನ್ನೋದು ಬಿಡ್ತೀನಿ. ನಾನು ಬಿಟ್ರೆ ತಾನೆ ಇವಳು ಬಿಡೋದು?"

"ನೋಡೋಣಮ್ಮ," ಎನ್ನುತ್ತಾರೆ ಅವರು.

ಮೊರದಮ್ಮ ಮಗಳ ಮಣಿಕಟ್ಟನ್ನು ಬಿಡುವುದಿಲ್ಲ. "ನೋಡೋಣ ಅಲ್ಲ. ಹೇಳಿ."