ವೀಲ್‌ಚೇರಿಗೆ ಖುದ್ದು ಹಾಜರಿ

ಶನಿವಾರ, ಬೆಳಿಗ್ಗೆ ಹತ್ತು ಗಂಟೆ, ಚನ್ನಪಟ್ಟಣ. ಹಾಜರಿದ್ದವರು ನಿವೃತ್ತ ಸೈನಿಕರ ಸಂಘದ ಅಧ್ಯಕ್ಷರು, ಖಜಾಂಚಿ ಮತ್ತು ಕಾರ್ಯದರ್ಶಿಯಾದ ನಾನು. ಅಕ್ಕೂರಿನಿಂದ ಬಂದ ಹೆಂಗಸೊಬ್ಬರೂ ಬಾಗಿಲ ಬಳಿ ನಿಂತಿದ್ದರು. ಸದಸ್ಯರಲ್ಲವಾದ್ದರಿಂದ ಅವರನ್ನು ಹಾಜರಿಗೆ ಸೇರಿಸಲಿಲ್ಲ.

ಅವರ ಗಂಡ ನಮ್ಮ ಹಾಗೆಯೇ ಫೌಜಿನಲ್ಲಿದ್ದವರು, ಆಮೇಲೆ ಕುರಿ ಸಾಕಿದವರು. ಸಕ್ಕರೆ ಕಾಯಿಲೆಯಿಂದ ಒಂದು ಕಾಲು ತೆಗೆಸಿದ ಮೇಲೆ ಮಂಚ ಬಿಟ್ಟಿಲ್ಲ. ಸೈನಿಕರಿಗೆಂದು ಜನ ಕೊಟ್ಟ ದೇಣಿಗೆಯಲ್ಲಿ ಒಂದು ವೀಲ್‌ಚೇರ್ ಕೊಡಿಸಿ ಎಂದು ಆಕೆ ಕೇಳಿದರು.

“ಕೊಡೋಣ ತಾಯಿ. ಅವರೇ ಖುದ್ದಾಗಿ ಬಂದು ಕೇಳಬೇಕು,” ಎಂದೆ.

“ಅವ್ರು ಬರಂಗಿದ್ರೆ ನಾನ್ಯಾಕೆ ಗಾಡಿ ಕೇಳ್ಕಂಡ್ ಬತ್ತಿದ್ದೆ ಸ್ವಾಮಿ?”

ಆ ನಿಯಮ ಬರೆದವನು ನಾನೇ. ಹಿಂದೊಮ್ಮೆ ಯಾರೋ ಸತ್ತವರ ಹೆಸರಿನಲ್ಲಿ ಕನ್ನಡಕ ಪಡೆದಿದ್ದರು. ಅಂದಿನಿಂದ ಬದುಕಿರುವವರೆಲ್ಲ ನನ್ನೆದುರು ಬಂದು ನಿಲ್ಲಬೇಕಾಗಿತ್ತು.

“ಆಟೋದಾಗೆ ಮಲಗಿಸ್ಕಂಡು ಬತ್ತೀನಿ. ಬಾಡಿಗೆ ನೀವ್ ಕೊಡ್ತೀರಾ?”

ದೇಣಿಗೆಯ ಹಣವನ್ನು ಓಡಾಟಕ್ಕೆ ಖರ್ಚು ಮಾಡುವಂತಿಲ್ಲ. ಅದನ್ನು ಬರೆದವನೂ ನಾನೇ.

ಅಧ್ಯಕ್ಷರು ಮೀಸೆ ಒರೆಸಿಕೊಂಡರು. “ನಿನ್ ರೂಲೇ ಕುಂಟ್ತಾ ಐತೆ ಕಣ್ಲಾ. ಮೊದ್ಲು ಅದ್ಕೊಂದು ವೀಲ್‌ಚೇರ್ ಕೊಡ್ಸನ.”

ಖಜಾಂಚಿ ಕೆಮ್ಮಿನ ನೆಪದಲ್ಲಿ ನಕ್ಕ. ನಾನು ನಗಲಿಲ್ಲ, ಯೋಚಿಸಿದೆ. ಅರ್ಜಿದಾರ ಸಭೆಯ ಮುಂದೆ ಹಾಜರಾಗಬೇಕು, ಸರಿ. ಸಭೆ ಎಲ್ಲಿ ನಡೆಯಬೇಕೆಂದು ಬರೆದಿಲ್ಲವಲ್ಲ! ಸಭೆಯನ್ನು ಅಕ್ಕೂರಿಗೆ ಸ್ಥಳಾಂತರಿಸಲಾಗಿದೆ ಎಂದು ಘೋಷಿಸಿದಾಗ ಗುಡ್ಡವೊಂದನ್ನು ಗೆದ್ದವನಂತೆ ಎದೆ ಉಬ್ಬಿತ್ತು. ಆಟೋ ಬಾಡಿಗೆ ನಮ್ಮ ಜೇಬಿನಿಂದ.

ಅಕ್ಕೂರಿನ ಮನೆಯಲ್ಲಿ ಆಕೆಯ ಗಂಡ ಕೊರಳವರೆಗೆ ಗುಂಡಿ ಹಾಕಿದ ಅಂಗಿಯಲ್ಲಿ ಮಲಗಿದ್ದರು. ಮಲಗಿದಲ್ಲೇ ಸೆಲ್ಯೂಟ್ ಹೊಡೆದರು.

“ಹಾಜರ್ ಸಾಬ್! ಎದ್ದು ನಿಲ್ಲಕ್ಕಾಗಲ್ಲ, ಒಸಿ ಮಾಫ್ ಮಾಡಿ.”

ನಾನು ಗಂಟಲು ಸರಿಪಡಿಸಿಕೊಂಡು, ವೀಲ್‌ಚೇರ್ ಯಾವ ಉದ್ದೇಶಕ್ಕೆ ಎಂದು ಕೇಳಿದೆ.

“ಕುರಿ ನೋಡಕ್ಕೆ. ಹಿತ್ಲಲ್ಲೇ ಅವೆ. ಯಾವ್ದು ಕೆಮ್ತಾ ಐತೆ ಅಂತ ಇಲ್ಲಿಂದ್ಲೇ ಗೊತ್ತಾಯ್ತದೆ. ಮುಟ್ಟಿ ನೋಡಕ್ಕಾಗಲ್ಲ.”

ದೇಣಿಗೆ ಕೇಳುವಾಗ ನಾವು ಹೇಳಿದ್ದು ‘ಚಿಕಿತ್ಸೆಗಾಗಿ’ ಎಂದು. ಕುರಿ ನೋಡುವುದು ಚಿಕಿತ್ಸೆಯೇ? ಕೇಳಲು ಬಾಯಿ ತೆರೆದೆ.

“ಲೇ, ಬಾಯ್ ಮುಚ್ಲಾ,” ಎಂದರು ಅಧ್ಯಕ್ಷರು. ಮುಚ್ಚಿದೆ. ಸರ್ವಾನುಮತದಿಂದ ಮಂಜೂರಾಯಿತು.

ಮಧ್ಯಾಹ್ನ ಖಜಾಂಚಿ ಪೇಟೆಯಿಂದ ವೀಲ್‌ಚೇರ್ ತಂದ. ಅರ್ಜಿದಾರರನ್ನು ಕೂರಿಸಿ ಬಾಗಿಲಿಗೆ ತಳ್ಳಿದೆವು. ಅಲ್ಲಿಗೆ ನಿಂತಿತು. ಮುಂದೆ ಜಗಲಿಯ ಎತ್ತರದ ಮೆಟ್ಟಿಲುಗಳು. ಅಳತೆ, ದರ, ರಸೀದಿ ಎಲ್ಲವನ್ನೂ ವಿಚಾರಿಸಿದ್ದ ನಾನು ಆ ಮೆಟ್ಟಿಲು ಹತ್ತಿಯೇ ಒಳಗೆ ಬಂದಿದ್ದೆ, ಆದರೂ ಅವು ಕಣ್ಣಿಗೆ ಬಿದ್ದಿರಲಿಲ್ಲ.

ಮನೆ ರಿಪೇರಿಗೂ ದೇಣಿಗೆ ಬಳಸುವಂತಿಲ್ಲ. ಎಲ್ಲರೂ ನನ್ನ ಮುಖ ನೋಡಿದರು. ಯಾರ ನಿಯಮ ಎಂದು ಯಾರೂ ಕೇಳಲಿಲ್ಲ. ಇಸ್ತ್ರಿ ಅಂಗಿ ಬಿಚ್ಚಿ ಮೊಳೆಗೆ ನೇತುಹಾಕಿ, ಮೆಟ್ಟಿಲ ಮೇಲೆ ಇಳಿಜಾರು ಮಾಡಲು ಕಲ್ಲುಮಣ್ಣು ಹೊರಲು ತೊಡಗಿದೆ. ಅಧ್ಯಕ್ಷರೂ ಖಜಾಂಚಿಯೂ ಅದನ್ನು ತಟ್ಟಿ ದಮ್ಮಸ್ಸು ಮಾಡಿದರು. ಆತ ಬಾಗಿಲಲ್ಲಿ ಕುಳಿತು ಹುಕುಂ ಕೊಟ್ಟರು.

“ಸೆಕ್ರೆಟರಿ ಸಾಬ್, ಎಡಗಡೆ ಉಬ್ಬೈತೆ. ಇನ್ನೊಂದ್ ದಪ ತಟ್ಟಿ.”

“ಯೆಸ್ ಸರ್,” ಎಂದುಬಿಟ್ಟೆ.

ಹೊತ್ತು ಮುಳುಗುವ ಮೊದಲು ವೀಲ್‌ಚೇರ್ ಇಳಿಜಾರಿನಲ್ಲಿ ಇಳಿದು ಹಿತ್ತಿಲು ಸೇರಿತು. ಆತ ಕೆಮ್ಮುತ್ತಿದ್ದ ಕುರಿಯನ್ನು ಹತ್ತಿರ ಎಳೆದುಕೊಂಡು ಗಂಟಲು ಸವರಿದರು. ನಾನು ಗುದ್ದಲಿ ತೊಳೆದು ಗೋಡೆಗೆ ಒರಗಿಸಿದೆ.