ಹಪ್ಪಳದ ವಹಿ ಮತ್ತು ನಗರದ ನಕ್ಷೆ

ಮುಂಬಯಿಯ ಇಪ್ಪತ್ತು ವರ್ಷಗಳ ನಗರ ಯೋಜನೆಯನ್ನು ಪರಿಷ್ಕರಿಸುತ್ತಿದ್ದ ಪಾಲಿಕೆಯವರು ಜನರ ಆಕ್ಷೇಪಣೆ ಕೇಳಿದ್ದರು. ವಿಕ್ರೋಳಿಯಲ್ಲಿ ನಮ್ಮ ಬಿಲ್ಡಿಂಗಿನ ಹಿಂದೆ, ಸಮುದ್ರದ ನೀರು ಒಳನುಗ್ಗುವ ಖಾಡಿಯ ಜೌಗನ್ನು ಹೊಸ ನಕ್ಷೆ ‘ಖಾಲಿ ಜಾಗ’ ಎಂದು ತೋರಿಸಿತ್ತು. ಹಾಗೇ ಬಿಟ್ಟರೆ ಅಲ್ಲಿ ಟವರ್ ಏಳುವುದು ಖಚಿತ. ಸೊಸೆಯನ್ನು ಕರೆದುಕೊಂಡು ಕಚೇರಿಗೆ ಹೋದೆ.

“ಆಜೀ, ಅಲ್ಲಿ ನೀರು ಬರುತ್ತೆ ಅನ್ನೋದಕ್ಕೆ ಪ್ರೂಫ್ ಏನು?” ಎಂದ, ಮೊಮ್ಮಗನ ವಯಸ್ಸಿನ ಅಧಿಕಾರಿ.

ಬಿ.ಎ. ಓದಿದವಳು ಬರಿಗೈಯಲ್ಲಿ ಹೋಗುತ್ತೇನೆಯೇ? ಹಪ್ಪಳದ ಲೆಕ್ಕ ಬರೆಯುವ ನನ್ನ ವಹಿಯನ್ನು ಮುಂದಿಟ್ಟೆ. ಟೆರೇಸಿನಲ್ಲಿ ಹಪ್ಪಳ ಒಣಹಾಕಿದ ದಿನಗಳಲ್ಲೆಲ್ಲ, ಕೆಳಗೆ ಭರತದ ನೀರು ಎಲ್ಲಿಯವರೆಗೆ ಬಂತು, ಫ್ಲೆಮಿಂಗೊ ಎಷ್ಟು ಇಳಿದವು ಎಂದು ಬರೆದಿಟ್ಟಿದ್ದೆ. ಕೋಲು ಹಿಡಿದು ಕಾಗೆ ಕಾಯುವವಳಿಗೆ ಬೇರೆ ಏನು ಕೆಲಸ?

ಪುಟ ತಿರುವುತ್ತ ಅವನ ಮುಖ ಅರಳಿತು. “ಇದು ನಡೆಯುತ್ತೆ. ಆದರೆ ಪೂರ್ತಿ ವಹಿಯ ಝೆರಾಕ್ಸ್ ಬೇಕು. ಒಂದು ಪುಟ ಬಿಟ್ಟರೂ ತಗೊಳ್ಳಲ್ಲ.”

ವಹಿಯನ್ನು ನನ್ನತ್ತ ಎಳೆದುಕೊಂಡೆ. ಮೊದಲ ಪುಟದಲ್ಲೇ ಹಿಂಗು, ಹಪ್ಪಳ ಉಬ್ಬಿಸುವ ಪಾಪಡಖಾರದ ಅಳತೆಯಿತ್ತು. ಅದನ್ನು ಹನ್ನೊಂದು ವರ್ಷದಿಂದ ಸೊಸೆಗೂ ಹೇಳಿರಲಿಲ್ಲ.

“ಕೊಡ್ರಿ ಅತ್ತಿ, ನಾ ಮಾಡಿಸ್ಕೊಂಡ ಬರತೀನಿ,” ಎಂದು ಸೊಸೆ ಆಗಲೇ ಕೈ ಚಾಚಿದ್ದಳು. “ಎರಡ ಕಾಪಿ.”

ಪರಿಷ್ಕೃತ ನಕ್ಷೆಯಲ್ಲಿ ಜೌಗು ಜೌಗಾಗಿಯೇ ಉಳಿದಿದೆ, ದಂಡೆಗೊಂದು ಉದ್ಯಾನವೂ ಸೇರಿದೆ. ಹಪ್ಪಳ ಈಗ ಸೊಸೆಯೇ ಮಾಡುತ್ತಾಳೆ. ನನ್ನವಕ್ಕಿಂತ ಚೆನ್ನಾಗಿವೆ, ಅದೊಂದನ್ನು ಮಾತ್ರ ವಹಿಯಲ್ಲಿ ಬರೆದಿಲ್ಲ.