ಒದ್ದೆ ಕೈಯಲ್ಲಿ ಹಿಡಿದ ಮೀನು

ತೊಂಬತ್ತೆಂಟರಲ್ಲಿರಬೇಕು, ಕೊಟ್ಟೂರಿನಿಂದ ಕುಂದಾಪುರಕ್ಕೆ ಶೇಂಗಾ ಲೋಡು ಒಯ್ದಿದ್ದೆ. ಅಳಿವೆಯ ದಂಡೆಯಲ್ಲಿ ಗಾಳ ಹಾಕಿ ಕೂತಿದ್ದವರೊಬ್ಬರು ದೊಡ್ಡ ಕೆಂಪು ಮೀನೊಂದನ್ನು ಎಳೆದು, "ಸ್ವಲ್ಪ ಹಿಡ್ಕೊಳ್ಳಿ, ಕೊಕ್ಕೆ ತೆಗೀತೇನೆ" ಅಂದರು. ನಾವು ಲಿಂಗ ಕಟ್ಟಿದವರು, ಮೀನು ಮುಟ್ಟಿದವರಲ್ಲ. ಆದರೂ ಹೇಗಿರುತ್ತದೋ ನೋಡೋಣವೆಂದು ಕೈ ಚಾಚಿದೆ.

"ಮೊದಲು ಕೈ ಒದ್ದೆ ಮಾಡಿ! ಒಣಕೈ ತಾಗಿದ್ರೆ ಮೈಮೇಲಿನ ಲೋಳೆ ಹೋಗ್ತದೆ, ಮತ್ತೆ ಮೀನು ಬದುಕುದಿಲ್ಲ."

ಕೈ ಒದ್ದೆ ಮಾಡಿಕೊಂಡು ಹಿಡಿದೆ. ಅವರು ಕೊಕ್ಕೆ ಬಿಡಿಸಿ ಮೀನನ್ನು ಮತ್ತೆ ನೀರಿಗೇ ಬಿಟ್ಟರು.

"ತಿನ್ನಂಗಿಲ್ಲಂದ್ರ ಹಿಡಿಯೋದ್ಯಾಕ್ರಿ?"

"ಹಿಡಿಯೋ ಖುಷಿಗೆ" ಎಂದು ನಕ್ಕರು.

ಮನೆಗೆ ಬಂದು ಇದನ್ನು ಹೇಳಿದ್ದೇ ತಡ, ಅವ್ವ ನನ್ನನ್ನು ಹಿತ್ತಲಲ್ಲಿ ನಿಲ್ಲಿಸಿ ತಲೆಗೆ ನೀರು ಸುರಿದಳು. ತಿಂದಿಲ್ಲ, ಬಿಟ್ಟುಬಿಟ್ಟೆವು ಎಂದೆ.

"ಹಸಿವಿಗಾದ್ರ ಹೋಗ್ಲಿ ಅನ್ಬೋದಿತ್ತು. ಬರೇ ಆಟಕ್ಕ ಅದರ ಬಾಯಿ ಹರದ್ರೇನಲೇ?" ಎಂದವಳೇ ಇನ್ನೊಂದು ಕೊಡ ಸುರಿದಳು.